ತನುಜ ಗಣಿತ ಬಿಟ್ಟದ್ದು

ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿ ಈ ವರ್ಷ ನಿವೃತ್ತಳಾದೆ. ಕೊನೆಯ ಹದಿನಾಲ್ಕು ವರ್ಷ ಸಾದಲಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿದ್ದೆ. ಶಾಲೆಯ ಹೆಸರು ಬೇಡ, ತಪ್ಪು ನನ್ನದು, ಕಟ್ಟಡದ್ದಲ್ಲ. ಹಳೆಯ ಮಕ್ಕಳು ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ "ಅನಸೂಯಮ್ಮ ಮಿಸ್, ನೀವಿಲ್ದಿದ್ರೆ ನಾವು ಪಾಸೇ ಆಗ್ತಿರ್ಲಿಲ್ಲ" ಎಂದು ಕಾಲಿಗೆ ಬೀಳುತ್ತಾರೆ. ಕೇಳಲು ಹಿತವಾಗಿರುತ್ತಿತ್ತು. ತನುಜಳ ವಿಷಯವಾದ ಮೇಲೆ ಆ ಮಾತು ಕೇಳಿದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ತನುಜ ಮುನಿವೆಂಕಟಪ್ಪ ಮತ್ತು ಶ್ಯಾಮಲಮ್ಮನವರ ಒಬ್ಬಳೇ ಮಗಳು. ಎರಡೆಕರೆ ಹಿಪ್ಪುನೇರಳೆ, ಮನೆ ಹಿಂದೆ ರೇಷ್ಮೆ ಹುಳು ಸಾಕುವ ಶೆಡ್ಡು. ಎಂಟು ವರ್ಷದವಳಿದ್ದಾಗಲೇ ಹುಳುವಿನ ತಟ್ಟೆಯ ಮುಂದೆ ಕೂತು ರೋಗದ ಹುಳುಗಳನ್ನು ಆರಿಸಿ ತೆಗೆಯುತ್ತಿದ್ದಳಂತೆ. ಚರ್ಮ ಸ್ವಲ್ಪ ಹೊಳೆದರೆ, ತಟ್ಟೆಯ ಅಂಚಿಗೆ ಹರಿದರೆ, "ಇದಕ್ಕೆ ಹಾಲುರೋಗ" ಎಂದು ಪಕ್ಕಕ್ಕಿಡುವಳು. ದೊಡ್ಡವರಿಗೆ ಮಾರನೆಯ ದಿನ ಕಾಣುತ್ತಿದ್ದದ್ದು ಇವಳಿಗೆ ಹಿಂದಿನ ದಿನವೇ ಕಾಣುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಮುಂದೆ ಏನಾಗುತ್ತೀರಿ ಎಂದು ಎಲ್ಲರನ್ನೂ ಕೇಳಿದಾಗ ಅವಳು ಎದ್ದು ನಿಂತು, "ಹುಳ ನೋಡಿ ಏನಾಗಿದೆ ಅಂತ ಹೇಳ್ತೀನಿ ಮಿಸ್. ಮನುಷ್ಯರನ್ನ ನೋಡೂ ಹೇಳ್ಬೇಕು" ಅಂದಳು. ಕ್ಲಾಸು ನಕ್ಕಿತು. ಅವಳು ನಗಲಿಲ್ಲ.

ವಿಜ್ಞಾನದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಗಣಿತ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಹೋಂವರ್ಕ್ ತಪ್ಪದೆ ತರುವಳು, ಅಕ್ಷರ ಮುತ್ತಿನಂತೆ, ಉತ್ತರ ತಪ್ಪು. ಹತ್ತನೇ ಕ್ಲಾಸಿಗೆ ಬಂದಾಗ ಅವಳನ್ನೂ ಅವಳಂಥ ಹನ್ನೊಂದು ಮಕ್ಕಳನ್ನೂ ನಾನು 'ಪಾಸಿಂಗ್ ಪ್ಯಾಕೇಜ್' ಬೆಂಚಿಗೆ ಕೂರಿಸಿದೆ. ನಮ್ಮ ಕಡೆ ಮೇಷ್ಟರುಗಳಿಗೆಲ್ಲ ಇದು ಗೊತ್ತು. ಪರೀಕ್ಷೆಗೆ ಬಂದೇ ಬರುವ ಪ್ರಶ್ನೆಗಳನ್ನು ಆರಿಸಿ, ವೃತ್ತಕ್ಕೆ ಸ್ಪರ್ಶಕ ಎಳೆಯುವುದು, ಗ್ರಾಫು, ಥೇಲ್ಸ್ ಪ್ರಮೇಯ, ಇಷ್ಟನ್ನೇ ಡಿಸೆಂಬರಿನಿಂದ ಮಾರ್ಚಿನವರೆಗೆ ಬರೆಸಿ ಬರೆಸಿ ಬಾಯಿಪಾಠ ಮಾಡಿಸುವುದು. ಅರ್ಥವಾಯಿತೇ ಎಂದು ಕೇಳುವುದಿಲ್ಲ, ಕೇಳಿದರೆ ಸಮಯ ಹೋಗುತ್ತದೆ. ತಾಲ್ಲೂಕಿನ ಮೀಟಿಂಗಿನಲ್ಲಿ ಯಾವ ಶಾಲೆ ಎಷ್ಟು ಪರ್ಸೆಂಟು ಎಂದು ಗಟ್ಟಿಯಾಗಿ ಓದುತ್ತಾರೆ, ನನ್ನ ಶಾಲೆಯದು ಓದುವಾಗ ನಾನು ತಲೆ ಎತ್ತಿ ಕೂರಬೇಕಿತ್ತು.

ತನುಜಳಿಗೆ ವಿಜ್ಞಾನದಲ್ಲಿ ತೊಂಬತ್ತಮೂರು ಬಂತು. ಗಣಿತದಲ್ಲಿ ಐವತ್ತೊಂದು. ಅದರಲ್ಲಿ ಹತ್ತೊಂಬತ್ತು ನಾನೇ ಕೊಟ್ಟ ಇಂಟರ್ನಲ್ ಮಾರ್ಕ್ಸು.

ಪಿಯುಸಿಗೆ ಯಾವ ವಿಷಯ ತೆಗೆದುಕೊಳ್ಳುವುದು ಎಂಬ ಪಂಚಾಯ್ತಿಗೆ ತನುಜಳ ಮನೆಯವರು ನನ್ನನ್ನೂ ಕರೆಸಿದರು. ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಒಂದು ದಿನ ಹುಳು ಸೊಪ್ಪು ಮುಟ್ಟುವುದಿಲ್ಲ, ರೇಷ್ಮೆ ಮನೆಯವರಿಗೆ ಮಾತಿಗೆ ಪುರಸೊತ್ತು ಸಿಗುವುದು ಆಗಲೇ. ಗೌರಿಬಿದನೂರಿನಲ್ಲಿ ಆಫೀಸು ಕೆಲಸದಲ್ಲಿರುವ ತನುಜಳ ಚಿಕ್ಕಪ್ಪ ರಮೇಶ್‌ಬಾಬು ರಜೆ ಹಾಕಿ ಬಂದಿದ್ದರು.

"ಅಣ್ಣ, ಎಲ್ಲಾರೂ ತಗಳೋ ಪಿಸಿಎಂಬಿನೇ ಹಾಕ್ಸು. ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ ಜೊತೆ ಮ್ಯಾಥ್ಸೂ ಇರ್ಲಿ. ಡಾಕ್ಟರ್ ಸೀಟು ಸಿಗ್ಲಿಲ್ಲಾಂದ್ರೆ ಇಂಜಿನಿಯರಿಂಗ್ ಇರ್ತದೆ. ಮ್ಯಾಥ್ಸ್ ಬಿಟ್ರೆ ಒಂದು ಬಾಗ್ಲು ಮುಚ್ಕೊಂಡಂಗೆ" ಅಂದರು.

ನನಗೆ ರೇಗಿತು. "ಆ ಬಾಗ್ಲಲ್ಲಿ ಇವಳು ಹೋಗಲ್ಲ ರಮೇಶ್‌ಬಾಬು. ಸುಮ್ನೆ ತೆಗೆದಿಟ್ರೆ ಧೂಳು ಬರ್ತದೆ ಅಷ್ಟೆ. ಸೆಕೆಂಡ್ ಪಿಯುಸೀಲಿ ಮ್ಯಾಥ್ಸ್ ಒಂದ್ರಲ್ಲಿ ಫೇಲಾದ್ರೂ ಪಿಯುಸಿನೇ ಫೇಲು. ನೀಟ್ ಪರೀಕ್ಷೇಲಿ ಎಷ್ಟು ಬಂದಿದ್ರೂ ಯಾರೂ ಸೀಟು ಕೊಡಲ್ಲ. ಡಾಕ್ಟರ್ ಓದೋಕೆ ಮ್ಯಾಥ್ಸ್ ಕೇಳಲ್ಲ. ಚಿಕ್ಕಬಳ್ಳಾಪುರದ ಹೆಣ್ಮಕ್ಕಳ ಕಾಲೇಜಲ್ಲಿ ಅದ್ರ ಬದ್ಲು ಹೋಮ್ ಸೈನ್ಸ್ ಕೊಡ್ತಾರೆ, ಅಲ್ಲಿಗೆ ಹಾಕಿ."

"ಅಡಿಗೆ ಕಲಿಯೋಕೆ ಚಿಕ್ಕಬಳ್ಳಾಪುರಕ್ಕೆ ಹೋಗ್ಬೇಕಾ ಮೇಡಂ?" ಎಂದು ಶ್ಯಾಮಲಮ್ಮ ನಕ್ಕರು.

ಮುನಿವೆಂಕಟಪ್ಪ ಮಾತ್ರ ನಗಲಿಲ್ಲ. "ನೀವು ಮ್ಯಾಥ್ಸ್ ಮಿಸ್ಸು. ನೀವೇ ಬೇಡ ಅಂತೀರಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ?"

"ಆದ್ರೆ ನನ್ನನ್ನ ಕೇಳಿ" ಅಂದೆ. ಆ ಧಿಮಾಕು ನನಗೆ ಆಗ ಇತ್ತು.

ಅವರು ಮಗಳ ಕಡೆ ತಿರುಗಿದರು. "ನೀನೇನಮ್ಮಾ ಹೇಳ್ತೀಯ?"

"ನಂಗೆ ಲೆಕ್ಕ ಬೇಡಪ್ಪ" ಅಂದಳು ತನುಜ. ಅಷ್ಟು ಖುಷಿಯಾಗಿ ಅವಳು ಮಾತಾಡಿದ್ದನ್ನು ನಾನು ಮೂರು ವರ್ಷದಲ್ಲಿ ಕಂಡಿರಲಿಲ್ಲ. ಮಾರನೆಯ ದಿನವೇ ಅಪ್ಪ ಮಗಳು ಚಿಕ್ಕಬಳ್ಳಾಪುರಕ್ಕೆ ಹೋಗಿ ಅರ್ಜಿ ಹಾಕಿ ಬಂದರು.

ನಾನು ಕೊಟ್ಟ ಸಲಹೆ ತಪ್ಪಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ತಪ್ಪು ಅದಕ್ಕೆ ಮೊದಲೇ ಆಗಿಹೋಗಿತ್ತು.

ಅಕ್ಟೋಬರಿನ ಒಂದು ಶನಿವಾರ ತನುಜ ಕಾಲೇಜಿನಿಂದ ಊರಿಗೆ ಹೋಗುವ ದಾರಿಯಲ್ಲಿ ಶಿಡ್ಲಘಟ್ಟದಲ್ಲೇ ಇಳಿದು ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಬ್ಯಾಗಿನಿಂದ ಫಿಸಿಕ್ಸ್ ಅರ್ಧವಾರ್ಷಿಕ ಪರೀಕ್ಷೆಯ ಪೇಪರು ತೆಗೆದು ನನ್ನ ಮುಂದಿಟ್ಟಳು. ಎಪ್ಪತ್ತಕ್ಕೆ ಹದಿನಾಲ್ಕು.

"ಮ್ಯಾಥ್ಸ್ ಬಿಟ್ಟೆ ಮಿಸ್. ಅದು ಫಿಸಿಕ್ಸ್ ಒಳಗೆ ಬಂದು ಕೂತದೆ."

ಪೇಪರು ನೋಡಿದೆ. ಒಂದು ಪ್ರಶ್ನೆಯಲ್ಲಿ ಬಸ್ಸೊಂದು ಸೆಕೆಂಡಿಗೆ ಇಪ್ಪತ್ತು ಮೀಟರು ಓಡುತ್ತಿತ್ತು. ತನುಜ ಹತ್ತು ಮೀಟರು ಎಂದು ಬರೆದು, ಸೂತ್ರ ಬರೆದು, ಹಂತ ಹಂತವಾಗಿ ಮಾಡಿ, ಚೌಕ ಹಾಕಿ ಉತ್ತರ ಕೊಟ್ಟಿದ್ದಳು. ಪಠ್ಯಪುಸ್ತಕದ ಉದಾಹರಣೆಯಲ್ಲಿ ಇದ್ದದ್ದು ಹತ್ತು ಮೀಟರು. ಇಡೀ ಲೆಕ್ಕವನ್ನು ಅವಳು ಥೇಲ್ಸ್ ಪ್ರಮೇಯದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಳು. ಎದುರಿಗಿದ್ದ ಪ್ರಶ್ನೆಯನ್ನು ಓದಿಯೇ ಇರಲಿಲ್ಲ.

ಮೊದಲು ಬೈದೆ. ಬೈಯುವುದು ನನಗೆ ಸಲೀಸು. "ಕಣ್ಣು ಎಲ್ಲಿಟ್ಟಿದ್ದೆ? ಇಪ್ಪತ್ತು ಅಂತ ದಪ್ಪ ಅಕ್ಷರದಲ್ಲಿ ಕೊಟ್ಟಿಲ್ವೇನೇ?" ಆಮೇಲೆ ಒಂದು ಹಾಳೆ ಕೊಟ್ಟು, ಅರ್ಧವನ್ನು ಕಾಲಿನಿಂದ ಭಾಗಿಸು ಎಂದೆ. ಒಂದರ ಎಂಟು ಎಂದು ಬರೆದಳು. ಐದನೇ ಕ್ಲಾಸಿನ ಲೆಕ್ಕ ಕೊಟ್ಟೆ, ಅದೂ ತಪ್ಪಾಯಿತು. ಈ ಹುಡುಗಿ ಎಂಟರಿಂದ ಹತ್ತರವರೆಗೆ ನನ್ನ ಕ್ಲಾಸಿನಲ್ಲಿ, ನನ್ನ ಕಣ್ಣೆದುರಿಗೆ ಕೂತವಳು.

"ಮೂರು ವರ್ಷ ನನ್ನ ಹತ್ರ ಏನೇ ಕಲಿತೆ ನೀನು?" ಎಂದೆ.

ತನುಜ ತಲೆ ತಗ್ಗಿಸಿಕೊಂಡೇ ಹೇಳಿದಳು. "ನೀವು ನಂಗೆ ಕಲಿಸ್ಲಿಲ್ಲ ಮಿಸ್. ಪಾಸ್ ಮಾಡ್ಸಿದ್ರಿ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ ಬಚಾವಾಗುತ್ತಿದ್ದೆ. ಒಳಗೆ ಹೋಗಿ ಕಾಫಿ ಮಾಡಿದೆ. ವಾಪಸ್ ಬಂದು, "ಇನ್ಮೇಲೆ ಶನಿವಾರ ಶನಿವಾರ ಇಲ್ಲಿ ಇಳಿದು ಹೋಗು" ಎಂದೆ.

ಐದನೇ ಕ್ಲಾಸಿನ ಭಿನ್ನರಾಶಿಯಿಂದ ಶುರು ಮಾಡಿದೆವು. ಅವಳಿಗೆ ಅವಮಾನ, ನನಗೆ ಆತುರ. ಎರಡು ವಾರ ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಕೂತೆವು. ಶೇಕಡಾ ಹೇಳಿಕೊಡುವಾಗ, ನಿಮ್ಮ ಶೆಡ್ಡು ತೊಳೆಯಲು ಬ್ಲೀಚಿಂಗ್ ಪೌಡರು ಎಷ್ಟು ಹಾಕುತ್ತೀರಿ ಎಂದು ಕೇಳಿದೆ. ನೂರು ಲೀಟರಿನ ಡ್ರಮ್ಮಿಗೆ ಅಮ್ಮ ಎರಡು ಮಗ್ಗು ಹಾಕುತ್ತಾಳೆ ಅಂದಳು. ರೇಷ್ಮೆ ಇಲಾಖೆಯವರು ಹೇಳುವುದು ಶೇಕಡಾ ಎರಡು. ಹಾಗಾದರೆ ಮಗ್ಗಿನಲ್ಲಿ ಎಷ್ಟು ಹಿಡಿಯುತ್ತದೆ ತೂಗಿ ನೋಡಿಕೊಂಡು ಬಾ ಎಂದು ಕಳಿಸಿದೆ.

ಮುಂದಿನ ಶನಿವಾರ ಅವಳು ಮೆಟ್ಟಿಲು ಹತ್ತುವಾಗಲೇ ಮಾತು ಶುರು ಮಾಡಿದಳು. "ಮಗ್ಗಿಗೆ ನಾನೂರು ಗ್ರಾಂ ಮಿಸ್! ಎರಡು ಮಗ್ಗು ಅಂದ್ರೆ ಎಂಟ್ನೂರು. ನೂರು ಲೀಟರಿಗೆ ಎರಡು ಕೆಜಿ ಬೇಕು. ಐದು ಮಗ್ಗು ಹಾಕ್ಬೇಕಿತ್ತು! ನಾನು ಹುಟ್ಟಿದಾಗ್ಲಿಂದ ಎರಡೇ ಹಾಕ್ತಾವ್ರೆ!" ಶ್ಯಾಮಲಮ್ಮ, "ನಮ್ಮತ್ತೆ ಕಾಲದಿಂದ ಎರಡೇ, ಪೋನೀಲೇ" ಎಂದು, ಹೋಗಲಿ ಬಿಡು ಅನ್ನುವುದನ್ನು ತೆಲುಗಿನಲ್ಲಿ ಹೇಳಿ ತೇಲಿಸಿದರಂತೆ. ಇವಳು ಬಿಡದೆ ಐದು ಮಗ್ಗು ಸುರಿದಳಂತೆ. ಮುಂದಿನ ಬೆಳೆಯಲ್ಲಿ ರೋಗ ಪೂರ್ತಿ ಹೋಯಿತು ಎಂದು ಸುಳ್ಳು ಹೇಳಲಾರೆ, ಕಡಿಮೆಯಾಯಿತು. ಆದರೆ ಒಂದು ಲೆಕ್ಕವನ್ನು ಯಾರೂ ಬರೆಸದೆ ತಾನೇ ಮಾಡಿದ್ದು ಅವಳ ಜೀವನದಲ್ಲಿ ಅದೇ ಮೊದಲು.

ಅಲ್ಲಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಹತ್ತರ ಘಾತ, ಗ್ರಾಫಿನ ಇಳಿಜಾರು, ಸೂತ್ರದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಅಕ್ಷರ ದಾಟಿಸುವುದು, ಪ್ರತಿಯೊಂದಕ್ಕೂ ವಾರಗಟ್ಟಲೆ ಹಿಡಿಯಿತು. ಸೆಕೆಂಡ್ ಪಿಯುಸಿ ಒಳ್ಳೆಯ ಮಾರ್ಕ್ಸಿನಲ್ಲೇ ಪಾಸಾದಳು. ನೀಟ್‌ನಲ್ಲಿ ಬಯಾಲಜಿ ಭರ್ಜರಿಯಾಗಿ ಬಂತು, ಫಿಸಿಕ್ಸಿನ ನಲವತ್ತೈದು ಪ್ರಶ್ನೆಯಲ್ಲಿ ಅರ್ಧವನ್ನು ಮುಟ್ಟಲೂ ಆಗಿರಲಿಲ್ಲ. ಸರ್ಕಾರಿ ಸೀಟಿಗೆ ಸಾಲಲಿಲ್ಲ. ರಮೇಶ್‌ಬಾಬು ಫೋನು ಮಾಡಿ, "ನಾನು ಅವತ್ತೇ ಹೇಳಿರ್ಲಿಲ್ವಾ ಮೇಡಂ?" ಅಂದರು. ಗಣಿತ ತೆಗೆದುಕೊಂಡಿದ್ದರೆ ಫಿಸಿಕ್ಸಿನ ಜೊತೆ ಅದರಲ್ಲೂ ಮುಳುಗುತ್ತಿದ್ದಳು ಎಂದೆ. ಅವರು ನಂಬಲಿಲ್ಲ.

ಮುನಿವೆಂಕಟಪ್ಪ ನನ್ನನ್ನು ಏನೂ ಕೇಳಲಿಲ್ಲ, ಮಗಳನ್ನು ಕೇಳಿದರು. "ಇನ್ನೊಂದು ವರ್ಷ ಓದ್ತೀಯಾ, ಇಲ್ಲ ನರ್ಸಿಂಗಿಗೆ ಹೋಗ್ತೀಯಾ?" ಒಂದು ವರ್ಷ ಕೊಡಪ್ಪ ಎಂದಳು. ಆ ವರ್ಷ ಅವಳು ಮನೆಯಲ್ಲೇ ಕೂತು ಓದಿದಳು. ಹುಳು ಹಣ್ಣಾಗಿ ಗೂಡು ಕಟ್ಟಲು ಬಿಡುವ ದಿನಗಳಲ್ಲಿ ಮಾತ್ರ ಪುಸ್ತಕ ಮುಚ್ಚಿ ಕೆಲಸಕ್ಕಿಳಿಯುವಳು. ಮಿಕ್ಕ ದಿನ ಬೆಳಿಗ್ಗೆ ಇಪ್ಪತ್ತು ಫಿಸಿಕ್ಸ್ ಲೆಕ್ಕ. ಅವನ್ನು ಮೊಬೈಲಿನಲ್ಲಿ ನನಗೆ ಕಳಿಸುವಳು, ತಪ್ಪಾಗಿದ್ದಕ್ಕೆ ನಾನು ಫೋನಿನಲ್ಲೇ ಬೈಯುವೆ. ಗೊತ್ತಿಲ್ಲದ ಫಿಸಿಕ್ಸನ್ನು ನಾನೂ ಆ ವಯಸ್ಸಿನಲ್ಲಿ ಕಲಿತೆ.

ಎರಡನೇ ಸಲ ಸಿಕ್ಕಿತು. ಕಲ್ಯಾಣ ಕರ್ನಾಟಕದ ಕಡೆಯ ಒಂದು ಸರ್ಕಾರಿ ಮೆಡಿಕಲ್ ಕಾಲೇಜು, ಕೊನೆಯ ಸುತ್ತಿನಲ್ಲಿ. "ಮಿಸ್, ಬಂತು" ಎಂದಷ್ಟೇ ಹೇಳಿ ಫೋನಿನಲ್ಲೇ ಅತ್ತಳು. ನಾನೂ ಅತ್ತೆ.

ಅವಳು ಕಾಲೇಜಿಗೆ ಹೊರಡುವ ಮೊದಲು ನಮ್ಮ ಶಾಲೆಯಲ್ಲಿ ಸನ್ಮಾನ ಇಟ್ಟುಕೊಂಡರು. ಹೆಡ್‌ಮಾಸ್ಟರ್ ಮೋಹನ್‌ಬಾಬು ನಿವೃತ್ತಳಾಗಿದ್ದ ನನ್ನನ್ನೂ ಕರೆಸಿ, ಶಿಷ್ಯೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿ, ಎರಡು ಮಾತಾಡಿ ಎಂದರು. "ಇವಳಿಗೆ ನಾನು ಮೂರು ವರ್ಷ ಪಾಠ ಮಾಡಿದೆ. ಗಣಿತ ಕಲಿಸಿದ್ದು ನಾಲ್ಕನೇ ವರ್ಷ" ಅಂದೆ. ತಮಾಷೆ ಎಂದುಕೊಂಡು ಎಲ್ಲರೂ ಚಪ್ಪಾಳೆ ಹೊಡೆದರು. ತನುಜ ಒಬ್ಬಳು ನನ್ನ ಕಡೆ ನೋಡಿದಳು.

ಮಕ್ಕಳು ಪ್ರಶ್ನೆ ಕೇಳಬಹುದು ಎಂದಾಗ ಹತ್ತನೇ ಕ್ಲಾಸಿನ ಮೌನಿಕಾ ಎಂಬ ಹುಡುಗಿ ಎದ್ದಳು. ಕೊನೆಯ ಬೆಂಚು. ನೋಡಿದ ಕೂಡಲೇ ಗೊತ್ತಾಯಿತು, ಪ್ಯಾಕೇಜಿನ ಮಗು. ಎರಡು ವರ್ಷದ ಹಿಂದೆ ಅವಳನ್ನು ಎಂಟನೇ ಕ್ಲಾಸಿನಿಂದ ದಾಟಿಸಿದ್ದವಳು ನಾನೇ.

"ಅಕ್ಕ, ಮ್ಯಾಥ್ಸ್ ಬಿಟ್ರೂ ಡಾಕ್ಟರ್ ಆಗ್ಬೋದಾ?"

ಮೋಹನ್‌ಬಾಬು, "ಆಗ್ಬೋದು, ಆಗ್ಬೋದು, ಇಲ್ಲೇ ನೋಡ್ತಿದೀಯಲ್ಲಮ್ಮಾ" ಎಂದು ಮೈಕು ಎತ್ತಿಕೊಳ್ಳಲು ಹೋದರು. ತನುಜ ಮೈಕು ಬಿಡಲಿಲ್ಲ.

"ಬಿಡ್ಬೋದು ಕಣಮ್ಮಾ" ಎಂದಳು. "ಆದ್ರೆ ಕಲಿತು ಆಮೇಲೆ ಬಿಡು. ನಾನು ಕಲೀದೇ ಬಿಟ್ಟಿದ್ದೆ, ಮೂರು ವರ್ಷ ಹಿಡೀತು."

ಮೌನಿಕಾ ಕೂರಲಿಲ್ಲ. ಅವಳ ಕಣ್ಣು ತನುಜಳನ್ನು ಬಿಟ್ಟು ನನ್ನ ಕಡೆ ತಿರುಗಿತು. "ಯಾರು ಹೇಳ್ಕೊಡ್ತಾರೆ?" ಎಂದು ಕೇಳಿದಳು.