ಕುಂಬಳ ಹೂವಿನ ಮೇಷ್ಟ್ರು

ಆದವಾನಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಸೈನ್ಸ್ ಮೇಷ್ಟ್ರು ಹೂವು ಕಂಡರೆ ಮೂಸುತ್ತಿರಲಿಲ್ಲ, ಸೂಜಿ ತೆಗೆದು ಬಿಚ್ಚುತ್ತಿದ್ದರು. "ಬಿಚ್ಚಿದ ಮ್ಯಾಲೇ ನಂಬಬೇಕಪ್ಪ" ಎನ್ನುತ್ತಿದ್ದರು. ಒಂದು ಮದುವೆಯಲ್ಲಿ ಹಾರದ ಹೂಗಳನ್ನೆಲ್ಲ ಬಿಚ್ಚಿ ಕೇಸರ ಎಣಿಸಿದರು. ಮದುಮಗನನ್ನು ಬಿಟ್ಟದ್ದೇ ಪುಣ್ಯ.

ನಮ್ಮಜ್ಜಿಯ ಕುಂಬಳ ಬಳ್ಳಿಯಲ್ಲಿ ಮಿಡಿಗಳೆಲ್ಲ ಕೊಳೆತು ಉದುರುತ್ತಿದ್ದವು. ಮಿಡಿಯಿಲ್ಲದ ಹೂವೆಲ್ಲ ಗೊಡ್ಡು ಎಂದು ಅಜ್ಜಿ ದಿನಾ ಅವನ್ನು ಕಿತ್ತು ಪೂಜೆಗಿಡುತ್ತಿದ್ದಳು.

"ಅವು ಗಂಡು ಹೂವಮ್ಮಾ. ಅವುಗಳ ಪುಡಿ ಬೀಳದ ಕಾಯಿ ಹ್ಯಾಂಗ ನಿಲ್ತೈತಿ?" ಎಂದರು ಮೇಷ್ಟ್ರು.

"ಹೂವಿನಾಗ ಗಂಡಂತ! ನಿಮಗಿನ್ನೂ ಮದುವಿ ಆಗಿಲ್ಲಲ್ಲ ಮಾಸ್ತರ, ಅದಕ್ಕ ಹಿಂಗ. ನಾಳೆ ಬಳ್ಳಿ ಕಿತ್ತು ಒಗೀತೀನಿ."

"ಎಂಟು ದಿನ ತಡೀರಿ. ಕಾಯಿ ನಿಲ್ಲದಿದ್ರ ನಾನೇ ಖೋಲಿ ಖಾಲಿ ಮಾಡ್ತೀನಿ!"

ಮರುದಿನ ನಸುಕಿನಲ್ಲೇ ಮೇಷ್ಟ್ರು ಸ್ನಾನ ಮುಗಿಸಿ, ಒಂದು ಗಂಡು ಹೂವಿನ ಎಸಳು ಸುಲಿದು, ಬಗ್ಗಿ ಬಗ್ಗಿ ಮಿಡಿಯಿದ್ದ ಹೂವಿಗೆ ತಿಕ್ಕಿದರು. ಎಂಟನೆಯ ದಿನಕ್ಕೆ ಕಾಯಿ ಆನೆಯ ತಲೆಯಷ್ಟಾಯಿತು. ಹೋಗಲಿ, ನನ್ನ ತಲೆಯಷ್ಟು.

ಅಜ್ಜಿ ಅದಕ್ಕೆ ವಿಭೂತಿ ಹಚ್ಚಿದಳು. "ಮಾಸ್ತರು ನಸುಕಿನಾಗ ಬಗ್ಗಿ ಬಗ್ಗಿ ಪೂಜಿ ಮಾಡಿದ್ದು ಕಿಟಕ್ಯಾಗಿಂದ ಕಂಡೀನಿ. ಶಿವ ಕಣ್ಣು ಬಿಟ್ಟ."

"ಅಲ್ಲಮ್ಮಾ, ಅದು..." ಎಂದು ಮೇಷ್ಟ್ರು ಬಾಯಿ ತೆರೆದರು. ಅಜ್ಜಿ ಅದರೊಳಗೆ ಸಕ್ಕರೆ ಹಾಕಿದಳು.

ಮರುದಿನ ಅಜ್ಜಿ ಪೂಜೆಗೆ ಹೂ ಕಿತ್ತ ಮೇಲೂ ಬಳ್ಳಿಯಲ್ಲಿ ಒಂದೇ ಒಂದು ಗಂಡು ಹೂವು ಉಳಿದಿತ್ತು. ನಾನು ಕೈ ಚಾಚಿದೆ.

"ಅದನ್ನ ಮುಟ್ಟಬ್ಯಾಡಲೇ," ಎಂದಳು ಅಜ್ಜಿ, "ಮಾಸ್ತರ ಪೂಜಿಗೆ ಬಿಟ್ಟೀನಿ."