ಸಾಬೂನು ಮೇಸ್ತ್ರಿಯ ನುಣ್ಣನೆಯ ಗೋಡೆ

ಅವನನ್ನು ಎಲ್ಲರೂ ಸಾಬೂನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅದು ಅವನ ಶುಚಿತ್ವಕ್ಕೆ ಸಂದ ಬಿರುದು ಎಂದು ಯಾರೂ ತಿಳಿಯಬೇಕಾಗಿಲ್ಲ. ವೈರಿಂಗ್ ಕಸುಬಿನಲ್ಲಿ ಈ ಮಹಾಶಯನಿಗೆ ಗೊತ್ತಿದ್ದದ್ದು ಒಂದೇ ಉಪಾಯ: ಪೈಪಿನೊಳಗೆ ವೈರು ಸಿಕ್ಕಿಕೊಂಡರೆ ಸಾಬೂನು ಹಚ್ಚು, ಇನ್ನೂ ಜೋರಾಗಿ ಎಳೆ. ಬಲ್ಬು, ಫ್ಯಾನುಗಳ ಸಣ್ಣ ವೈರುಗಳು ಪಾಪ, ಹೇಳಿದ ಮಾತು ಕೇಳುತ್ತಿದ್ದವು. ಅಷ್ಟಕ್ಕೇ ಇವನು ತನ್ನನ್ನು ದೊಡ್ಡ ಪಂಡಿತ ಎಂದುಕೊಂಡ.

ಗೋಡೆಯ ಅಂದ ಅವನ ಇನ್ನೊಂದು ಹೆಮ್ಮೆ. ಪೈಪು ತಿರುಗುವ ಕಡೆ ಮುಚ್ಚಳದ ಬಾಕ್ಸ್ ಕೂರಿಸುವುದೆಂದರೆ ಅವನಿಗೆ ಮುಖದ ಮೇಲೆ ಬಾವು ಎದ್ದಷ್ಟು ಅಸಹ್ಯ. ಬೇರೆಯವರ ಕೆಲಸ ಕಂಡರೆ ಮೂಗು ಮುರಿದು, "ಇದೇನು ಗೋಡೆನೋ, ಡಬ್ಬಿ ಅಂಗಡಿನೋ?" ಎನ್ನುತ್ತಿದ್ದ. ಇವನ ಗೋಡೆಯಲ್ಲಾದರೆ ಮೂಲೆಗೆ ಅಂಟಿಕೊಂಡು ಗಕ್ಕನೆ ತಿರುಗುವ ಪೈಪಿನ ಪುಟ್ಟ ಬೆಂಡು. ನೋಡಲು ಚೆಂದ. ಒಳಗೆ ನುಗ್ಗುವ ವೈರಿನ ಪಾಡನ್ನು ಕೇಳುವವರು ಯಾರು?

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನ ಅಕ್ಕ ಹೆತ್ತವಳಲ್ಲ, ತಾಯಿ ಸತ್ತ ಮೇಲೆ ಎತ್ತಿ ಸಾಕಿದವಳು. ಆದರೂ ಗಾದೆ ಸುಳ್ಳಾಗುವುದಿಲ್ಲ. ತಮ್ಮನ ಕೆಲಸದಲ್ಲಿ ತಪ್ಪಿದೆ ಎಂದವರ ಜೊತೆ ಅವಳು ಮಾತು ಬಿಟ್ಟದ್ದುಂಟು. ಇಡೀ ಲೋಕದಲ್ಲಿ ಅವನನ್ನು ಪೂರ್ತಿ ನಂಬಿದ್ದವಳು ಅವಳೊಬ್ಬಳೇ. ಆ ನಂಬಿಕೆ ಹೋದರೆ ತನ್ನ ಬಳಿ ಏನೂ ಉಳಿಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಬುದ್ಧಿ ಬರಲಿಲ್ಲ, ಅದು ಬೇರೆ ಮಾತು.

ಅಕ್ಕ ತನ್ನ ಹಿಟ್ಟಿನ ಗಿರಣಿಗೆ ದೊಡ್ಡ ಮೋಟಾರು ತರಿಸಿದಳು. ಅದಕ್ಕೆ ಹೆಬ್ಬೆರಳು ದಪ್ಪದ ವೈರುಗಳು ಬೇಕು. ಮೇಸ್ತ್ರಿ ಸಾಮಾನಿಗೆ ಹೋದಾಗ ಅಂಗಡಿಯವನು ತಡೆದು ಹೇಳಿದ, "ಮೇಸ್ತ್ರಿಗಳೇ, ಈ ಪೈಪು ಸಾಲಲ್ಲ. ವೈರು ಹೋದ್ಮೇಲೂ ಒಳಗೆ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇರಬೇಕು. ತಿರುವಿನಲ್ಲಿ ದೊಡ್ಡ ಬಾಕ್ಸ್ ಹಾಕಿ. ಮುಚ್ಚಳ ತೆಗೆದು ಒಂದು ಸಲ ಹೊರಗೆ ಎಳ್ಕೊಂಡು, ಆಮೇಲೆ ಮುಂದಕ್ಕೆ ಕಳಿಸಬಹುದು. ದಪ್ಪ ವೈರು ನಿಮ್ಮ ಪುಟ್ಟ ಬೆಂಡಲ್ಲಿ ಬಳುಕಲ್ಲ."

"ನೀನು ಮಾರೋನು, ನಾನು ಎಳೆಯೋನು," ಎಂದ ಮೇಸ್ತ್ರಿ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಸಣ್ಣ ಕಬ್ಬಿಣದ ಪೈಪನ್ನೇ ತಂದ, ಪುಟ್ಟ ಬೆಂಡುಗಳನ್ನೇ ತಿರುಗಿಸಿ ಕೂರಿಸಿದ.

ಎಳೆಯುವ ದಿನ ವೈರು ಮೊದಲನೇ ಬೆಂಡಿನಲ್ಲೇ ನಿಂತಿತು. ಸಾಬೂನಾಯಿತು, ಬಯ್ಗುಳವೂ ಆಯಿತು. ಜಾಗ ಸಾಲದೆಂದು ಅವನು ಮಾಡಿದ ಘನಕಾರ್ಯ ನೋಡಿ: ಅರ್ಥಿಂಗ್ ವೈರನ್ನೇ ಕಟ್ಟಿನಿಂದ ಬಿಚ್ಚಿ ಮೂಲೆಗೆಸೆದ. ಕರೆಂಟು ತಪ್ಪು ದಾರಿ ಹಿಡಿದರೆ ಮನುಷ್ಯನ ಜೀವ ಉಳಿಸುವ ವೈರು ಅದು. ಆಮೇಲೆ ನಾಲ್ಕು ಆಳುಗಳನ್ನು ತೇರಿನ ಹಗ್ಗ ಹಿಡಿದವರ ಹಾಗೆ ನಿಲ್ಲಿಸಿ ಎಳೆಸಿದ. ವೈರು ಕರ್ರೆಂದು ಹೊರಬಂತು. ತುದಿಯ ಹತ್ತಿರ ಗೇಣುದ್ದ ಸಿಪ್ಪೆ ಸುಲಿದು ತಾಮ್ರ ಹೊಳೆಯುತ್ತಿತ್ತು. ಹೊರಗೆ ಕಂಡದ್ದು ಇಷ್ಟಾದರೆ ಒಳಗೆ ಬೆಂಡುಗಳಲ್ಲಿ ಏನಾಗಿರಬಹುದು ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಆಳುಗಳಿಗೆ ಬೆನ್ನು ತಿರುಗಿಸಿ, ಕಂಡಲ್ಲಿಗೆ ಟೇಪು ಸುತ್ತಿ, ಸುಣ್ಣ ಬಳಿದ ನುಣ್ಣನೆಯ ಗೋಡೆಯನ್ನು ನೋಡುತ್ತ ಧೈರ್ಯ ತಂದುಕೊಂಡ. ಇಂಥವರಿಗೆ ಧೈರ್ಯ ಬಹಳ ಸುಲಭವಾಗಿ ಬರುತ್ತದೆ.

ಮರುದಿನ ಬೆಳಿಗ್ಗೆ ಅಕ್ಕ ಬಂದು ಗೋಡೆ ಸವರಿ ನೋಡಿದಳು. "ಎಷ್ಟು ನೀಟಾಗಿದೆ ನೋಡು. ನನ್ನ ತಮ್ಮನ ಕೈಯೇ ಕೈ," ಎಂದು ಗಿರಣಿ ನಡೆಸುವ ಆಳಿಗೆ ಹೇಳಿದಳು. ಅವನು ನಕ್ಕು, ಬರಿಗಾಲಲ್ಲೇ ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯ ಮುಂದೆ ಹೋಗಿ ನಿಂತ.

"ಹಾಕ್ಲಾ ಮೇಸ್ತ್ರಿ?"

ಬೇಡ ಎಂದರೆ ಯಾಕೆ ಎಂದು ಅಕ್ಕ ಕೇಳುತ್ತಾಳೆ. ಏನೂ ಆಗಲಿಕ್ಕಿಲ್ಲ, ಟೇಪು ಸುತ್ತಿದೆಯಲ್ಲ ಎಂದುಕೊಂಡ ಮೇಸ್ತ್ರಿ. ಕತ್ತು ಅಲ್ಲಾಡಿಸಿದ, ಹೌದು ಎಂದೋ ಬೇಡ ಎಂದೋ ಅವನಿಗೇ ತಿಳಿಯದ ಹಾಗೆ. ಆಳು ಅದನ್ನು ಹೌದು ಎಂದುಕೊಂಡು ಕೈ ಚಾಚಿದ.

"ತಾಳಪ್ಪ," ಎಂದಳು ಅಕ್ಕ. "ಮೊದಲ ಸಲ ನಾನೇ ಹಾಕ್ತೀನಿ."

ಆಳು ಪಕ್ಕಕ್ಕೆ ಸರಿದ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಸ್ವಿಚ್ಚಿನ ಹಿಡಿಯ ಕಡೆ ಕೈ ಚಾಚುವಷ್ಟರಲ್ಲಿ ಮೇಸ್ತ್ರಿ ಹಾರಿ ಬಂದು ಅವಳ ರಟ್ಟೆ ಹಿಡಿದ.

"ಅಕ್ಕ, ಮುಟ್ಬೇಡ. ಒಳಗೆ ವೈರು ಸುಲಿದಿದೆ. ಅರ್ಥಿಂಗೂ ಇಲ್ಲ. ಸ್ವಿಚ್ ಹಾಕಿದ್ರೆ ಕಬ್ಬಿಣದ ಪೈಪಿನಿಂದ ಈ ಪೆಟ್ಟಿಗೆಗೂ ಕರೆಂಟು ಬಂದ್ರೂ ಬರಬಹುದು."

ಅಕ್ಕ ತಮ್ಮನ ಮುಖವನ್ನೇ ನೋಡಿದಳು. "ಯಾವಾಗ ಗೊತ್ತಾಯ್ತು?"

"ನಿನ್ನೆ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನ ಕೈಯನ್ನು ತನ್ನ ರಟ್ಟೆಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಹಾಗಾದ್ರೆ ಈಗ ತಾನೇ ಇವನು ಕೈ ಚಾಚಿದಾಗ ಯಾಕೋ ಸುಮ್ಮನಿದ್ದೆ?"

ಪ್ರಶ್ನೆ ಕೇಳಿದ್ದು ಅಕ್ಕ. ಉತ್ತರಕ್ಕೆ ಕಾಯುತ್ತ ಬರಿಗಾಲಲ್ಲಿ ನಿಂತಿದ್ದವನು ಆ ಆಳು.