ಭಿನ್ನರಾಶಿ ಮೇಡಂ ಮತ್ತು ಮೇಲಿನ ಕ್ಲಾಸು

ಆರನೇ ಕ್ಲಾಸಿಗೆ ಗಣಿತ ಹೇಳುತ್ತಿದ್ದ ಮೇಡಂಗೆ ಮಕ್ಕಳು ಭಿನ್ನರಾಶಿ ಮೇಡಂ ಎಂದು ಹೆಸರಿಟ್ಟಿದ್ದರು. ಅರ್ಧ, ಕಾಲು, ಮುಕ್ಕಾಲುಗಳು ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂರುವವರೆಗೆ ಅವರು ಮುಂದಿನ ಪಾಠಕ್ಕೆ ಕಾಲಿಡುತ್ತಿರಲಿಲ್ಲ. ಹೆಸರು ಅವರ ಕಿವಿಗೂ ಬಿದ್ದಿತ್ತು. "ಇದಕ್ಕಿಂತ ಕೆಟ್ಟ ಹೆಸರು ಇಡಬಹುದಿತ್ತು, ಪಾಪ, ಒಳ್ಳೆ ಮಕ್ಕಳು" ಎಂದು ನಕ್ಕು ಸುಮ್ಮನಾಗಿದ್ದರು.

ಆ ಶಾಲೆಯಲ್ಲಿ ಏಳನೇ ಕ್ಲಾಸಿನ ಗಣಿತ ಎರಡು ಕಡೆ ನಡೆಯುತ್ತಿತ್ತು. ಕೆಳಗಿನ ಕೋಣೆಯಲ್ಲಿ ಎಲ್ಲರಿಗೂ ಇರುವ ಗಣಿತ. ಮಹಡಿಯ ಮೇಲಿನ ಕೋಣೆಯಲ್ಲಿ ಬೀಜಗಣಿತ, ಅದೂ ಓಡುವ ವೇಗದಲ್ಲಿ. ಮೇಲಿನ ಕ್ಲಾಸಿಗೆ ಯಾರು ಹೋಗಬೇಕು ಎನ್ನುವುದನ್ನು ಆರನೇ ಕ್ಲಾಸಿನ ಕೊನೆಗೆ ತೀರ್ಮಾನಿಸುವುದು ಭಿನ್ನರಾಶಿ ಮೇಡಂ ಪಾಲಿನ ಕೆಲಸ. ಹೆಡ್‌ಮಾಸ್ಟರು ಅದನ್ನು ಅವರ ತಲೆಗೆ ಕಟ್ಟಿ ನಿಶ್ಚಿಂತೆಯಾಗಿದ್ದರು.

ಪರೀಕ್ಷೆಯ ಅಂಕಗಳನ್ನು ಮೇಡಂ ಅಷ್ಟಾಗಿ ನಂಬುತ್ತಿರಲಿಲ್ಲ. ಒಂದೊಂದೇ ಮಗುವನ್ನು ಕಿಟಕಿ ಪಕ್ಕದ ಬೆಂಚಿಗೆ ಕರೆದು ಕೂರಿಸಿ, ಎಲ್ಲೂ ಹೇಳಿಕೊಡದ ಒಂದು ಪ್ರಶ್ನೆ ಕೇಳುತ್ತಿದ್ದರು. ಉತ್ತರ ಬಂತೋ ಇಲ್ಲವೋ, ಅದು ಆಮೇಲಿನ ಮಾತು. ದಾರಿ ತೋಚದೆ ನಿಂತಾಗ ಮಗು ಏನು ಮಾಡುತ್ತದೆ ಎಂದು ನೋಡುತ್ತಿದ್ದರು. ಕೆಲವರು ಬರೆದದ್ದನ್ನೆಲ್ಲ ಉಜ್ಜಿ ಅಳಿಸಿಬಿಡುತ್ತಿದ್ದರು. ಕೆಲವರು ಮೇಡಂ ಮುಖದಲ್ಲಿ ಉತ್ತರ ಹುಡುಕುತ್ತಿದ್ದರು. ಕೆಲವರು ಮಾತ್ರ ಕಾಗದ ಬಿಟ್ಟು ಕಣ್ಣೆತ್ತುತ್ತಿರಲಿಲ್ಲ. ಆ ಕಣ್ಣೆತ್ತದವರೇ ಮೇಲಿನ ಕ್ಲಾಸಿಗೆ ತಯಾರಾದವರು ಎಂಬುದು ಮೇಡಂ ಲೆಕ್ಕ.

"ಕಲ್ಲಂಗಡಿ ತಟ್ಟಿ ನೋಡೋ ಹಾಗೆ ಮಕ್ಕಳನ್ನ ತಟ್ಟಿ ನೋಡ್ತೀರಲ್ರೀ ಮೇಡಂ" ಎಂದು ವಿಜ್ಞಾನದ ಮೇಷ್ಟ್ರು ತಮಾಷೆ ಮಾಡುತ್ತಿದ್ದರು.

"ಕಲ್ಲಂಗಡಿ ಆದ್ರೆ ಕೊಯ್ದು ನೋಡಬಹುದು ಸಾರ್" ಎನ್ನುತ್ತಿದ್ದರು ಮೇಡಂ.

ಗಂಡ ತೀರಿಕೊಂಡ ಮೇಲೆ ಮೇಡಂ ತಂಗಿಯ ಮನೆಗೆ ಬಂದು, ಮಹಡಿಯ ಒಂದು ಕೋಣೆಯಲ್ಲಿ ಇದ್ದರು. ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು. ತಂಗಿಯ ಗಂಡನಿಗೆ ಹಡಗಿನಲ್ಲಿ ಕೆಲಸ, ವರ್ಷದ ಬಹುಪಾಲು ನೀರಿನ ಮೇಲೆ. ಅವರ ಒಬ್ಬಳೇ ಮಗಳನ್ನು ಆಡಿಸಿ, ಉಣಿಸಿ, ಜಡೆ ಹಾಕಿ ಬೆಳೆಸಿದ್ದು ಹೆಚ್ಚುಕಡಿಮೆ ಮೇಡಂ ಅವರೇ. ಬಾಯಿ ತೆರೆದರೆ ಅರಳು ಹುರಿದಂತೆ ಮಾತಾಡುತ್ತಿದ್ದ ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಚಿನಕುರುಳಿ ಎಂದೇ ಕರೆಯುತ್ತಿದ್ದರು. ಲೆಕ್ಕವೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಬಸ್ಸಿನ ನಂಬರುಗಳನ್ನು ಭಾಗಿಸುತ್ತಾ ದೊಡ್ಡಮ್ಮನ ಶಾಲೆಗೇ ಬರುತ್ತಿದ್ದಳು.

ಚಿನಕುರುಳಿ ಆರನೇ ಕ್ಲಾಸು ಮುಗಿಸಿದ ವರ್ಷ ಅವಳನ್ನೂ ಕಿಟಕಿ ಪಕ್ಕದ ಬೆಂಚಿಗೆ ಕರೆಯಬೇಕಾಯಿತು.

"ಎರಡು ಸಂಖ್ಯೆ ಗುಣಿಸಿದಾಗ ಬರೋದು, ಅವನ್ನೇ ಕೂಡಿಸಿದಾಗ ಬರೋದಕ್ಕಿಂತ ಕಡಿಮೆ ಆಗೋದುಂಟಾ?" ಎಂದು ಮೇಡಂ ಕೇಳಿದರು.

"ಉಂಟು. ಒಂದ್ರಿಂದ ಗುಣಿಸಿದ್ರೆ ಆಗುತ್ತೆ" ಎಂದಳು ಹುಡುಗಿ ತಟ್ಟನೆ.

"ಬೇರೆ ಯಾವಾಗ?"

ಚಿನಕುರುಳಿ ದೊಡ್ಡಮ್ಮನ ಮುಖ ನೋಡಿದಳು. "ಸೊನ್ನೆ?" ಎಂದಳು. ಮೇಡಂ ತುಟಿ ಅಲ್ಲಾಡಿಸಲಿಲ್ಲ. "ಅರ್ಧ? ಅರ್ಧ ಇದ್ರೂ ಆಗುತ್ತಲ್ವಾ?" ಪ್ರತಿ ಮಾತಿಗೂ ಅವಳ ಕಣ್ಣು ದೊಡ್ಡಮ್ಮನ ಹುಬ್ಬು, ತುಟಿಗಳ ಮೇಲೆ. ಹೇಳಿದ್ದೆಲ್ಲ ಸರಿಯೇ ಇತ್ತು. ಆದರೆ ಕಾಗದದ ಕಡೆ ಅವಳು ಒಮ್ಮೆಯೂ ನೋಡಲಿಲ್ಲ.

ಮೇಡಂ ಅವಳನ್ನು ಮೇಲಿನ ಕ್ಲಾಸಿಗೆ ಸೇರಿಸಲಿಲ್ಲ.

ಆ ಸಂಜೆ ತಂಗಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು. ಮೇಡಂ ಕೇಳುವ ಮೊದಲೇ ಮಾತು ಬಂತು.

"ಊರಿನ ಮಕ್ಕಳೆಲ್ಲ ನಿನ್ನ ಕಣ್ಣಿಗೆ ಕಾಣ್ತಾರೆ ಅಕ್ಕ. ಮನೆ ಮಗು ಕಾಣಿಸಲ್ಲ."

"ಅವಳು ಜಾಣೆ ಕಣೇ. ಆದ್ರೆ ಇನ್ನೂ ರೆಡಿ ಇಲ್ಲ. ಒಂದು ವರ್ಷ ಕಾಯ್ಲಿ, ಏನಾಗುತ್ತೆ?"

"ನಿಂಗೆ ಭಯ. ತಂಗಿ ಮಗಳು ಅಂತ ಸೇರಿಸಿದ್ಲು ಅಂತ ಜನ ಆಡ್ಕೋತಾರೆ ಅಂತ."

"ಹಾಗಲ್ಲ" ಎಂದರು ಮೇಡಂ. ಹಾಗೆ ಅಲ್ಲವೇ ಅಲ್ಲವೆಂದು ಎದೆ ತಟ್ಟಿ ಹೇಳಲು ಮಾತ್ರ ಅವರಿಗೆ ಆಗಲಿಲ್ಲ. ಬಾಗಿಲ ಹತ್ತಿರ ಚಿನಕುರುಳಿ ಸಾಕ್ಸ್ ಬಿಚ್ಚುತ್ತಾ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ರೆಡಿ ಇಲ್ಲ ಎಂಬ ಮಾತು ಹನ್ನೆರಡರ ವಯಸ್ಸಿನ ಕಿವಿಗೆ ದಡ್ಡಿ ಎಂದೇ ಕೇಳಿಸುತ್ತದೆ ಎನ್ನುವುದು ಮೇಡಂಗೆ ಆಗ ಹೊಳೆಯಲಿಲ್ಲ.

ಏಳನೇ ಕ್ಲಾಸು ಶುರುವಾಗಿ ಕೆಲವು ತಿಂಗಳಾಗಿತ್ತು. ಒಂದು ದಿನ ಮೇಡಂ ಕೆಳಗಿನ ಕೋಣೆಯ ಮುಂದೆ ಹಾದು ಹೋಗುತ್ತಿದ್ದರು. ಊಟದ ಬಿಡುವು, ಕೋಣೆ ಖಾಲಿ. ಚಿನಕುರುಳಿ ಒಬ್ಬಳೇ ಕೂತು, ಮೇಲಿನ ಕ್ಲಾಸಿನ ಗೆಳತಿಯೊಬ್ಬಳ ಪುಸ್ತಕ ತೆರೆದಿಟ್ಟುಕೊಂಡು ಒಂದು ಲೆಕ್ಕಕ್ಕೆ ತಲೆ ಕೊಟ್ಟಿದ್ದಳು. ಅಂಗಳದಿಂದ ಯಾರೋ ಹೆಸರು ಹಿಡಿದು ಕರೆದರೂ ಅವಳಿಗೆ ಕೇಳಲಿಲ್ಲ. ನಾಲಿಗೆ ತುದಿ ತುಟಿಯಾಚೆ ಬಂದಿತ್ತು. ಕಣ್ಣು ಕಾಗದಕ್ಕೆ ಅಂಟಿಕೊಂಡಿತ್ತು. ಮೇಡಂ ಬಾಗಿಲಲ್ಲೇ ನಿಂತರು. ಅಷ್ಟರಲ್ಲಿ ಹುಡುಗಿ ತಲೆಯೆತ್ತಿ ದೊಡ್ಡಮ್ಮನನ್ನು ಕಂಡಳು. ಕದ್ದು ತಿನ್ನುವಾಗ ಸಿಕ್ಕಿಬಿದ್ದವಳ ಹಾಗೆ ಪುಸ್ತಕವನ್ನು ಮುಚ್ಚಿ ಡೆಸ್ಕಿನೊಳಗೆ ತಳ್ಳಿದಳು.

ಬೆಂಚಿನ ಆ ದಿನ ಮೇಡಂಗೆ ಈಗ ಬೇರೆ ಥರ ಕಂಡಿತು. ಇವಳು ತನ್ನ ಮುಖ ನೋಡಿದ್ದು ಉತ್ತರಕ್ಕಾಗಿ ಅಲ್ಲವೇ ಅಲ್ಲ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಮುಖ ಅದು. ದೊಡ್ಡಮ್ಮನಿಗೆ ಖುಷಿಯಾಯಿತೇ ಇಲ್ಲವೇ ಎಂದು ನೋಡಿದ್ದಳು, ಅಷ್ಟೇ. ಎದುರಿಗೆ ಬೇರೆ ಯಾರೇ ಕೂತಿದ್ದರೂ ಅವಳು ಕಾಗದ ನೋಡುತ್ತಿದ್ದಳೇನೋ.

ಅವರು ನೇರ ಹೆಡ್‌ಮಾಸ್ಟರ ಕೋಣೆಗೆ ಹೋದರು.

"ವರ್ಷದ ಮಧ್ಯದಲ್ಲಾ?" ಎಂದು ಹೆಡ್‌ಮಾಸ್ಟರು ಹುಬ್ಬೇರಿಸಿದರು. "ನೀವೇ ಬೇಡ ಅಂದವರು. ಈಗ ನೀವೇ ಬೇಕು ಅಂದ್ರೆ ಉಳಿದ ಅಪ್ಪ ಅಮ್ಮಂದಿರು ನನ್ನ ಸುಮ್ನೆ ಬಿಡ್ತಾರಾ?"

"ನಾನು ನೋಡಿದ್ದು ತಪ್ಪಾಗಿತ್ತು ಸಾರ್. ಬೈಯೋದಿದ್ರೆ ನನ್ನನ್ನ ಬೈಯ್ಲಿ."

ಬಹಳ ಹೊತ್ತು ಗೊಣಗಿ ಅವರು ಒಪ್ಪಿದರು. ಮನೆಯಲ್ಲಿ ತಂಗಿಯ ಮುಖ ಅರಳಿತು. ಚಿನಕುರುಳಿ ಮಾತ್ರ, "ಅಮ್ಮ ಹಟ ಮಾಡಿದ್ಲು ಅಂತ ಸೇರಿಸ್ತಿದ್ದೀಯಾ?" ಎಂದು ಕೇಳಿದಳು. ಅಲ್ಲವೆಂದು ಮೇಡಂ ಎಷ್ಟು ಹೇಳಿದರೂ ಅವಳು ನಂಬಿದಂತೆ ಕಾಣಲಿಲ್ಲ.

ಮೇಲಿನ ಕ್ಲಾಸು ಆಗಲೇ ಬಹಳ ದೂರ ಹೋಗಿತ್ತು. ಅಲ್ಲಿನ ಮೇಷ್ಟ್ರು ಕೆಟ್ಟವರೇನಲ್ಲ, ಆದರೆ ಒಬ್ಬಳಿಗಾಗಿ ಗಾಡಿ ಹಿಂದಕ್ಕೆ ತಿರುಗಿಸುವವರಲ್ಲ. ದೊಡ್ಡಮ್ಮನ ಕೃಪೆಯಿಂದ ಬಂದವಳು ಎಂದು ಮಕ್ಕಳು ಕಿಸಕ್ಕೆಂದರು. ಮೇಡಂ ದಿನಾ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಟ್ಟುಹೋದ ಪಾಠ ಹೇಳಿಕೊಡಲು ನೋಡಿದರು. ಹುಡುಗಿ ಒಂದು ಸಾಲು ಬರೆದು ಉಜ್ಜುತ್ತಿದ್ದಳು, ಮತ್ತೆ ಬರೆದು ಉಜ್ಜುತ್ತಿದ್ದಳು, ಕಾಗದ ಹರಿಯುವವರೆಗೆ. ಮೊದಲು ಹೀಗೆ ಅಳಿಸಿದವಳೇ ಅಲ್ಲ. ಮನೆಯಲ್ಲಿ ಅವಳ ಮಾತು ಕಡಿಮೆಯಾಯಿತು. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಏನೂ ಇಲ್ಲ ಎಂದರು.

ಕೊನೆಗೆ ತಂಗಿಯೇ ಮಹಡಿ ಹತ್ತಿ ಬಂದಳು. ಈ ಸಲ ಸಿಟ್ಟಿರಲಿಲ್ಲ, ಸುಸ್ತಾಗಿದ್ದಳು.

"ಕೆಳಗಿನ ಕ್ಲಾಸಿಗೇ ಹಾಕ್ಬಿಡು ಅಕ್ಕ. ಆವತ್ತೂ ನಿನ್ನ ಜೊತೆ ಜಗಳ ಆಡ್ದೆ, ಇವತ್ತೂ ನಾನೇ ಬಂದು ಕೇಳ್ತಿದ್ದೀನಿ. ನಂಗೇನು ಗೊತ್ತು."

"ನಂಗೆ ಮಾತ್ರ ಏನು ಗೊತ್ತೇ" ಎಂದರು ಮೇಡಂ.

ಚಿನಕುರುಳಿ ಕೆಳಗೆ ಬಂದಳು. ಪಾಸಾಗುವಷ್ಟು ಬರೆದಳು, ಅಷ್ಟೇ. ಮೊದಲೇ ಸೇರಿಸಿದ್ದರೆ ಏನಾಗುತ್ತಿತ್ತು, ಕೊನೆಯವರೆಗೂ ಸೇರಿಸದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಮೇಡಂ ಪಾಠದ ನಡುವೆಯೂ ತಲೆಗೆ ಹುಳ ಬಿಟ್ಟುಕೊಳ್ಳುತ್ತಿದ್ದರು. ಒಂದೇ ಮಗುವನ್ನು ಎರಡು ದಾರಿಯಲ್ಲಿ ಕಳಿಸಿ ನೋಡಲು ಯಾರಿಗೆ ಸಾಧ್ಯ?

ಆಯ್ಕೆಯ ಕೆಲಸ ಬೇಡವೆಂದು ಅವರು ಹೆಡ್‌ಮಾಸ್ಟರಿಗೆ ಹೇಳಿದರು. "ನೀವಲ್ದೆ ಇನ್ಯಾರು ಮಾಡ್ತಾರೆ ಮೇಡಂ, ಇಷ್ಟು ವರ್ಷದ ಅನುಭವ" ಎಂದು ಅವರು ನಕ್ಕು ಟೀ ತರಿಸಿದರು. ಮರುವರ್ಷವೂ ಮಕ್ಕಳು ಬೆಂಚಿಗೆ ಬಂದರು. ಕಣ್ಣೆತ್ತದ ಹುಡುಗನನ್ನು ಕಂಡರೆ, ಇವನಿಗೆ ನಾಚಿಕೆಯೇನೋ ಎನಿಸುತ್ತಿತ್ತು. ಮುಖ ನೋಡಿದ ಹುಡುಗಿಯನ್ನು ಕಂಡರೆ, ಮನೆಯಲ್ಲಿ ಬೈಸಿಕೊಳ್ಳುತ್ತಾಳೇನೋ ಎನಿಸುತ್ತಿತ್ತು. ಆದರೂ ಕೆಲವರನ್ನು ಮೇಲೆ ಕಳಿಸಿದರು, ಕೆಲವರನ್ನು ಕೆಳಗೆ ಉಳಿಸಿದರು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವರ ಹತ್ತಿರ ಏನೂ ಇರಲಿಲ್ಲ. ಯಾರೂ ಕೇಳಲಿಲ್ಲ.

ಹತ್ತನೇ ಕ್ಲಾಸು ಮುಗಿದ ಮೇಲೆ ಚಿನಕುರುಳಿ ಗಣಿತವೇ ಇಲ್ಲದ ವಿಷಯಗಳನ್ನು ಆರಿಸಿಕೊಂಡಳು. ಅದನ್ನು ತಿಳಿಸಲು ಮಹಡಿಗೆ ಬಂದಾಗ ಮೇಡಂ ಒಗೆದ ಬಟ್ಟೆ ಮಡಿಸುತ್ತಿದ್ದರು. ಹುಡುಗಿ ಮಂಚದ ತುದಿಯಲ್ಲಿ ಕೂತು ತಾನೂ ಒಂದು ಟವೆಲ್ ಎತ್ತಿಕೊಂಡಳು.

"ಬೇಜಾರು ಮಾಡ್ಕೋಬೇಡ ದೊಡ್ಡಮ್ಮ. ನೀನು ಮೊದಲೇ ಸರಿಯಾಗಿ ಹೇಳಿದ್ದೆ. ನನ್ನ ಕೈಲಿ ಆಗಲ್ಲ ಅಂತ ನಿಂಗೆ ಗೊತ್ತಿತ್ತು. ಅಮ್ಮನೇ ಕೇಳಲಿಲ್ಲ."

"ನಾನು ಹಾಗೆ ಹೇಳಿರಲಿಲ್ಲ ಪುಟ್ಟ" ಎಂದರು ಮೇಡಂ. "ಆಗಲ್ಲ ಅಂತ ಯಾವತ್ತೂ ಹೇಳಲಿಲ್ಲ."

"ಹೋಗ್ಲಿ ಬಿಡು" ಎಂದಳು ಹುಡುಗಿ, ಸಮಾಧಾನ ಮಾಡುವ ದನಿಯಲ್ಲಿ. ಟವೆಲನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ, ದೊಡ್ಡಮ್ಮನ ಭುಜ ಒಮ್ಮೆ ತಟ್ಟಿ, ಊಟಕ್ಕೆ ಬಾ ಎಂದು ಹೇಳಿ ಮೆಟ್ಟಿಲಿಳಿದು ಹೋದಳು.